ರಕ್ತದ ಬಾಯಾರು

ಬಾಯಾರು ತೀರಿಕೊಂಡರೆಂಬ ಫೋನು ಬಂದಾಗ ನಾನು ಒಬ್ಬರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದೆ. ಪಟ್ಟಿ ಕಟ್ಟಿದ ಮೇಲೆ ಫೋನು ಎತ್ತಬಾರದು ಎಂದು ಕಲಿಸಿದವರು ಅವರೇ. ಎತ್ತಿದೆ. "ಅವ್ವ ಹೋದಳ್ರಿ. ನಮ್ಮ ಊರು ಅಸುಂಡ್ಯಾಗ ಮಧ್ಯಾಹ್ನ ಮಣ್ಣು ಐತಿ," ಎಂದ ಅವರ ಮಗ. ನಾನು "ಆತು" ಎಂದು ಫೋನು ಇಟ್ಟೆ. ರಕ್ತ ತೆಗೆದು, ಹತ್ತಿ ಒತ್ತಿ, ತೋಳು ಮಡಚಿಕೊಂಡು ಕುಂಡ್ರಿ ಎಂದು ಪೇಶಂಟಿಗೆ ಹೇಳಿ, ಶೀಸೆಯ ಮೇಲೆ ಹೆಸರು ಬರೆದು, ಆಮೇಲೆ ಒಳಗೆ ಹೋಗಿ ಅತ್ತೆ. ಈ ಕ್ರಮವನ್ನೂ ಅವರೇ ಕಲಿಸಿದ್ದು.

ಗದಗಿನ ಹಳೆ ಬಸ್ ನಿಲ್ದಾಣದ ಹತ್ತಿರದ ಓಣಿಯೊಂದರ ಸಣ್ಣ ಲ್ಯಾಬಿನಲ್ಲಿ ಬಾಯಾರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಕ್ತ ತಪಾಸಣೆ ಮಾಡಿದರು. ಅವರಿಗೊಂದು ಹೆಸರಿತ್ತು. ಪಗಾರದ ದಿನ ಸಹಿ ಮಾಡುವಾಗ ಬಿಟ್ಟರೆ ಅದು ಉಪಯೋಗಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ನಮ್ಮ ಕಡೆ ನರ್ಸಮ್ಮನನ್ನೂ ಟೀಚರಮ್ಮನನ್ನೂ ಬಾಯಾರು ಎನ್ನುತ್ತಾರೆ, ಮಂದಿಗೆಲ್ಲ ಇವರು ರಕ್ತದ ಬಾಯಾರು. ನಾನು ಮುಂಡರಗಿಯಿಂದ ಬಂದು ಅವರ ಕೈಕೆಳಗೆ ಸೇರಿದಾಗ ನನಗೆ ಇಬ್ಬರು ಮಕ್ಕಳಿದ್ದರು, ಡಿಪ್ಲೊಮಾ ಇತ್ತು, ಎಲ್ಲ ಗೊತ್ತು ಎಂಬ ಧೈರ್ಯವೂ ಇತ್ತು. ಮಕ್ಕಳು ಮತ್ತು ಡಿಪ್ಲೊಮಾ ಈಗಲೂ ಇವೆ.

ಇಳಕಲ್ ಸೀರೆಯ ಮೇಲೆ ಬಿಳಿ ಕೋಟು, ಕೋಟಿನ ಕಿಸೆಯಲ್ಲಿ ಲವಂಗ. ಅವರು ನಕ್ಕದ್ದನ್ನು ನಾನು ನಾಲ್ಕು ಸಲ ನೋಡಿದ್ದೇನೆ, ಅದರಲ್ಲಿ ಒಂದು ಸೀನು ಇರಬಹುದು ಎಂಬ ಸಂಶಯ ನನಗಿದೆ. ಸೂಜಿ ಹಿಡಿದು ನಾನು ಯಾರಿಗೋ "ನೋವಾಗೂದಿಲ್ರಿ" ಎಂದದ್ದನ್ನು ಮೊದಲ ದಿನವೇ ಕೇಳಿಸಿಕೊಂಡು, ಆ ಪೇಶಂಟು ಹೋದ ಮೇಲೆ ಹೇಳಿದರು: "ಆಗತೈತಿ. ಇಷ್ಟ ಆಗತೈತಿ ಅಂತ ಹೇಳು." ಹೆಬ್ಬೆರಳನ್ನು ತೋರುಬೆರಳ ತುದಿಗೆ ಇಟ್ಟು ಎಷ್ಟು ಎಂದು ತೋರಿಸಿದರು. ಬೆಟಗೇರಿಯ ದೊಡ್ಡ ಅರಳೆ ವ್ಯಾಪಾರಿಯೊಬ್ಬರು ಸೂಜಿ ಕಂಡರೆ ಬೆವರುತ್ತಿದ್ದರು. "ಏನರ ಧೈರ್ಯ ಹೇಳ್ರಿ ಬಾಯಾರ," ಎಂದು ಅಂಗಲಾಚಿದರು. ಬಾಯಾರು ಬಹಳ ಹೊತ್ತು ಯೋಚಿಸಿ, "ನಿಮ್ಮ ನರ ಛಲೋ ಅದಾವ್ರಿ," ಎಂದರು. ಆ ಮನುಷ್ಯ ಒಂದು ವಾರ ಊರ ತುಂಬ ಅದನ್ನು ಹೇಳಿಕೊಂಡು ತಿರುಗಿದರು.

ನಾನು ಸೇರುವ ಹೊತ್ತಿಗೆ ಲ್ಯಾಬಿಗೆ ರಕ್ತಕಣ ಎಣಿಸುವ ಯಂತ್ರ ಬಂದಿತ್ತು. ಬಿಳಿ ರಕ್ತಕಣಗಳಲ್ಲಿ ಐದು ಜಾತಿ. ನಮ್ಮ ಯಂತ್ರ ಅವನ್ನು ಮೂರು ಗುಂಪು ಮಾಡಿ ಕೈ ತೊಳೆದುಕೊಳ್ಳುತ್ತಿತ್ತು. ಬಾಯಾರಿಗೆ ಅದು ಸೇರಲಿಲ್ಲ. "ಐದು ಮಕ್ಕಳ ಮನ್ಯಾಗ ಮೂರು ಮಂದೀನ್ನ ಕರದು ಊಟಕ್ಕ ಹಾಕಿದಂಗಾತು," ಎಂದು, ಸಂಶಯ ಬಂದ ರಕ್ತವನ್ನೆಲ್ಲ ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೂರು ಕಣ ಕಣ್ಣಿನಿಂದ ಎಣಿಸುತ್ತಿದ್ದರು. ಐದು ಜಾತಿಗೆ ಐದು ಗುಂಡಿ ಇರುವ ಹಳೆಯ ಎಣಿಕೆ ಡಬ್ಬಿ, ಟಿಕ್ ಟಿಕ್ ಎನ್ನುತ್ತಿತ್ತು.

ಆ ಐದರಲ್ಲಿ ಒಂದು ಇಯೊಸಿನೊಫಿಲ್. ಕಿತ್ತಳೆ ಬಣ್ಣದ ಕಾಳು ತುಂಬಿದ ಕಣ. ಧೂಳು, ಹೊಟ್ಟೆಹುಳ, ಕೆಮ್ಮು ಇದ್ದಲ್ಲಿ ಜಾಸ್ತಿ. ನಮ್ಮ ಕಡೆಯ ರಕ್ತದಲ್ಲಿ ನೂರಕ್ಕೆ ಎರಡೋ ನಾಲ್ಕೋ ಎಂಟೋ ಇದ್ದೇ ಇರುತ್ತದೆ. ಒಂದು ಬೇಸಿಗೆಯಲ್ಲಿ ಬಾಯಾರು ಆ ಅಂಕಣದಲ್ಲಿ ಸೊನ್ನೆ ಬರೆಯತೊಡಗಿದರು. ಮೊದಲು ಶಿರಹಟ್ಟಿಯ ಒಬ್ಬರಿಗೆ, ಆಮೇಲೆ ಹಿರೇಹಂದಿಗೋಳದ ಒಬ್ಬರಿಗೆ, ಮುಂಡರಗಿಯ ಇಬ್ಬರಿಗೆ. ನನ್ನಿಂದ ಮತ್ತೊಮ್ಮೆ ಎಣಿಸಿದರು. ಸೊನ್ನೆ.

"ಬರಿಗಾಲಿಲೆ ಹೊಲದಾಗ ಅಡ್ಡಾಡೂ ಮನಶಾ," ಎಂದರು ಬಾಯಾರು. "ಒಂದರ ಇರಬೇಕಲ್ಲ?"

ಅಷ್ಟೇ ಅಲ್ಲ, ಮೂವತ್ತರ ಸುತ್ತಮುತ್ತ ಇರಬೇಕಾದ ಲಿಂಫೊಸೈಟ್ ಎಂಬ ಕಣ ಇವರಲ್ಲಿ ಎಂಟು, ಒಂಬತ್ತು. ರೋಗ ಬಂದರೆ ಗುರುತು ಹಿಡಿದು ಕಾದಾಡಲು ಹೊರಡುವುದು ಅದೇ ಕಣ. ಈ ನಾಲ್ವರದೂ ಮುಖ ದುಂಡಗೆ, ಕೆನ್ನೆ ಕೆಂಪಗೆ. ಪಟ್ಟಿ ಕಟ್ಟಿದಲ್ಲೆಲ್ಲ ಚರ್ಮ ನೀಲಿಗಟ್ಟುತ್ತಿತ್ತು.

"ಎಲ್ಲಿ ಹೋದವ್ರಿ ಬಾಯಾರ, ಈ ಕಣಗಳು?"

"ಸತ್ತಾವು."

"ಯಾರು ಕೊಂದ್ರು?"

"ಯಾರೂ ಕೊಂದಿಲ್ಲ. ಹೇಳಿಸಿಕೊಂಡು ತಾವ ಸತ್ತಾವು."

ಲ್ಯಾಬಿನ ಡಾಕ್ಟರು ಬೇಡವೆಂದು ಎತ್ತಿ ಹಾಕಿದ್ದ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಬಾಯಾರು ನಿಘಂಟು ಇಟ್ಟುಕೊಂಡು ಆರು ವರ್ಷ ಓದಿದ್ದರು. ಅದರಲ್ಲಿದ್ದುದನ್ನು ನನಗೆ ಹೇಳಿದ್ದು ಹೀಗೆ. ಪ್ರತಿ ಜೀವಕೋಶದ ಒಳಗೂ ತಾನು ಸಾಯುವ ಏರ್ಪಾಡು ಹುಟ್ಟುವಾಗಲೇ ಇರುತ್ತದೆ. ಮುಚ್ಚಿಕೊಂಡಿರುತ್ತದೆ. ಸ್ಟೆರಾಯ್ಡ್ ಎಂಬ ಔಷಧ ಲಿಂಫೊಸೈಟಿನ ಒಳಹೊಕ್ಕು ಅದನ್ನು ತೆರೆಯುತ್ತದೆ. ಆಗ ಕೋಶ ಸಿಡಿಯುವುದಿಲ್ಲ. ಮೊದಲು ಕುಗ್ಗುತ್ತದೆ. ತನ್ನ ನಡುವಿನ ನೂಲನ್ನು, ಅಂದರೆ ಡಿಎನ್ಎಯನ್ನು, ತಾನೇ ತುಂಡು ತುಂಡು ಮಾಡುತ್ತದೆ. ತನ್ನ ಮೈಯನ್ನು ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ನನ್ನನ್ನು ನುಂಗಿರಿ ಎಂದು ಹೊರಗೆ ಗುರುತು ಹಚ್ಚುತ್ತದೆ. ಪಕ್ಕದ ಕೋಶ ನುಂಗಿಬಿಡುತ್ತದೆ.

"ಪೆಟ್ಟು ಬಿದ್ದು ಸಾಯೂ ಕೋಶ ಒಡದು, ಸುತ್ತಲಿನವರಿಗೆಲ್ಲ ಉರಿ ಹಚ್ಚಿ ಹೋಗತಾವು," ಎಂದರು. "ಇವು ಹಂಗಲ್ಲ. ಹಾಸಗಿ ಸುತ್ತಿಟ್ಟು, ಗಂಗಾಳ ತೊಳದಿಟ್ಟು, ಬಾಗಲಾ ಮುಂದ ಮಾಡಿ ಹೋಗತಾವು. ಬಾವು ಇಲ್ಲ, ಕೀವು ಇಲ್ಲ. ಅದಕ್ಕ ಯಾರಿಗೂ ಖಬರ ಇಲ್ಲ."

"ಇಯೊಸಿನೊಫಿಲ್?"

"ಅದಕ್ಕೂ ಅದ ಹುಕುಂ. ಬಾಜೂಕಿನ ಇನ್ನೊಂದು ಜಾತಿ, ನ್ಯೂಟ್ರೊಫಿಲ್‌ಗೆ ಮಾತ್ರ, ನೀ ಇನ್ನ ನಾಕು ದಿನ ಇರು ಅಂತೈತಿ."

"ಯಾಕ್ರಿ ಹಂಗ?"

"ಔಷಧಕ್ಕ ಕೇಳಬೇಕು."

ಸಾಯುತ್ತಿರುವ ಲಿಂಫೊಸೈಟು ಗಾಜಿನ ಮೇಲೆ ಸಿಗುವುದು ಅಪರೂಪ. ಅಷ್ಟರೊಳಗೆ ಯಾರೋ ನುಂಗಿರುತ್ತಾರೆ. ಒಂದು ದಿನ ಸಿಕ್ಕಿತು. ಬಾಯಾರು ಎದ್ದು ತಮ್ಮ ಸ್ಟೂಲು ನನಗೆ ಕೊಟ್ಟರು. ಕುಗ್ಗಿದ ಕಣ, ನಡುವೆ ಎರಡು ಮೂರು ಗಟ್ಟಿ ಕರಿಮಣಿ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. "ಉಸಿರಾಡು," ಎಂದರು, "ಅದಕ್ಕೇನೂ ತ್ರಾಸ ಆಗೂದಿಲ್ಲ."

ಆ ಔಷಧದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಹಿಂದೊಮ್ಮೆ ಶಿರಹಟ್ಟಿಯ ಒಬ್ಬ ಹುಡುಗಿಗೆ ಲಿಂಫೊಸೈಟುಗಳೇ ಕೆಟ್ಟು ಕ್ಯಾನ್ಸರ್ ಆಗಿತ್ತು. ಅವಳಿಗೆ ಕೊಟ್ಟ ಔಷಧಗಳಲ್ಲಿ ಸ್ಟೆರಾಯ್ಡೂ ಒಂದು. ಕೆಟ್ಟ ಕಣ ಇಳಿದ ಚೀಟಿಯನ್ನು ಬಾಯಾರು ತಾವೇ ಹೊರಗೆ ಒಯ್ದು ಆ ತಾಯಿಯ ಕೈಯಲ್ಲಿಟ್ಟು ಬಂದರು. ಆದರೆ ಆ ಔಷಧವೇ ಊದಿಸಿದಂತಿದ್ದ ಈ ದುಂಡು ಮುಖದವರಿಗೆ ಯಾವ ಡಾಕ್ಟರೂ ಸ್ಟೆರಾಯ್ಡ್ ಬರೆದಿರಲಿಲ್ಲ. ಮುಂದಿನ ಸೊನ್ನೆ ಬಂದಾಗ ಬಾಯಾರು ಆ ಪೇಶಂಟನ್ನೇ ಕೇಳಿದರು. ಇಂಗ್ಲಿಷ್ ಔಷಧ ಮುಟ್ಟುವುದೇ ಇಲ್ಲ ಎಂದು ಆತ ಹೆಮ್ಮೆಯಿಂದ ಹೇಳಿದ. ಮೊಣಕಾಲಿಗೆ ಮಾತ್ರ ಒಂದು ಬೇರಿನ ಪುಡಿ, ಲಕ್ಷ್ಮೇಶ್ವರದ ಆಚೆಯ ಹಳ್ಳಿಯ ಒಬ್ಬ ಅಜ್ಜ ಕೊಡುತ್ತಾನೆ, ಬೆಲ್ಲದಲ್ಲಿ ಕಲಸಿ ನುಂಗುವುದು, ಬೂದಿ ಬಣ್ಣ.

ಬಾಯಾರು ಪೆನ್ನು ಕೆಳಗಿಟ್ಟರು. ಆ ಬೂದಿ ಬಣ್ಣದ ಪುಡಿ ಅವರ ಮನೆಯ ಅಡುಗೆಮನೆಯ ಗೂಡಿನಲ್ಲೇ ಇತ್ತು.

ಬಾಯಾರ ಮನೆ ಬೆಟಗೇರಿಯಲ್ಲಿ. ಎಂಬತ್ತು ದಾಟಿದ ಅತ್ತೆ ಆರು ವರ್ಷ ಗೋಡೆ ಹಿಡಿದು ತೆವಳಿದವರು, ಆ ವರ್ಷ ತಾವೇ ನಡೆದು ಹಿಟ್ಟಿನ ಗಿರಣಿಗೆ ಹೋಗಿ ಬರುತ್ತಿದ್ದರು. ನೆಂಟರೊಬ್ಬರು ಪುಡಿ ತಂದುಕೊಡುತ್ತಿದ್ದರು. "ಮನ್ಯಾಗ ಎಲ್ಲಾರೂ ಖುಷಿ ಇದ್ರು," ಎಂದು ಬಾಯಾರು ನನಗೆ ಹೇಳಿದರು. "ಖುಷಿ ಇದ್ದಾಗ ನಾನೂ ತಪಾಸ ಮಾಡಲಿಲ್ಲ." ಮರುದಿನ ಬೆಳಿಗ್ಗೆ ಅತ್ತೆಯ ಬೆರಳು ಚುಚ್ಚಿ ಗಾಜಿನ ಮೇಲೆ ಎಳೆದುಕೊಂಡು ಬಂದರು. ನೂರು ಎಣಿಸಿದರು. ಚೀಟಿ ಬರೆಯಲಿಲ್ಲ. ಕಿತ್ತಳೆ ಕಣದ ಗುಂಡಿ ಒಮ್ಮೆಯೂ ಟಿಕ್ ಎಂದಿರಲಿಲ್ಲ.

ಮೊಣಕಾಲಿನ ನೋವು ಹೋದದ್ದು ಖರೆಯೇ. ಕೀಲಿನಲ್ಲಿ ಬಾವು ಎಬ್ಬಿಸುವುದೂ ಇವೇ ಕಾದಾಡುವ ಕಣಗಳು. "ಜಗಳ ಮಾಡವರ ಇಲ್ಲಂದ್ರ ಓಣಿ ಶಾಂತ ಇರತೈತಿ," ಎಂದರು ಬಾಯಾರು. "ಕಳ್ಳ ಬಂದ್ರ ಎಬ್ಬಸಾಕ ಸುದ್ದಾ ಯಾರೂ ಇರಂಗಿಲ್ಲ."

ಡಾಕ್ಟರ ಮುಂದೆ ಪುಡಿಯ ಪೊಟ್ಟಣ ಮತ್ತು ಅಷ್ಟರೊಳಗೆ ಏಳಕ್ಕೇರಿದ್ದ ಸೊನ್ನೆಯ ಚೀಟಿ ಇಟ್ಟರು. ಡಾಕ್ಟರು ನೋಡಿ, "ಬಾಯಾರ, ನಮ್ಮ ಕೆಲಸ ಎಣಿಸೂದು," ಎಂದರು.

"ಎಣಿಸೀನ್ರಿ. ಸೊನ್ನಿ ಬಂದೈತಿ."

ಡಾಕ್ಟರು ಎರಡು ದಿನ ಯೋಚಿಸಿ, ಬಾಯಾರು ಬರೆದ ಅರ್ಜಿಗೆ ತಾವೂ ಸಹಿ ಹಾಕಿದರು. ಪುಡಿ ಸರಕಾರಿ ತಪಾಸಣೆಗೆ ಹೋಯಿತು. ಸ್ಟೆರಾಯ್ಡ್ ಬೆರೆಸಿದ್ದು ಖಾತ್ರಿಯಾಯಿತು. ಒಂದು ಬೆಳಿಗ್ಗೆ ಅಧಿಕಾರಿಗಳು ಅಜ್ಜನ ಮನೆಗೆ ಹೋಗಿ ಇದ್ದಬದ್ದ ಚೀಲವನ್ನೆಲ್ಲ ಎತ್ತಿಕೊಂಡು ಬಂದರು. ಪೇಪರಿನಲ್ಲಿ ಎರಡು ಬೆರಳಷ್ಟು ಸುದ್ದಿ ಬಂತು.

ನಾನು ಖುಷಿಯಿಂದ ಮಿರ್ಚಿ ಭಜಿ ತಂದೆ. ಬಾಯಾರು ಎರಡು ತಿಂದರು. ಮೂರನೆಯದಕ್ಕೆ ಕೈ ಚಾಚಿ ಹಾಗೇ ನಿಲ್ಲಿಸಿದರು.

"ಏನಾತ್ರಿ?"

"ಅವರೆಲ್ಲಾರೂ ಇವತ್ತು ಏನ್ ತಗೋತಾರ?"

ಅವರು ನಿಂತುಕೊಂಡೇ ಹೇಳಿದರು. ಈ ಔಷಧದಂಥದ್ದನ್ನು ಮೈಯೊಳಗಿನ ಒಂದು ಗ್ರಂಥಿ ತಾನೇ ಅಷ್ಟಿಷ್ಟು ತಯಾರಿಸುತ್ತದೆ. ಅದಿಲ್ಲದೆ ಮನುಷ್ಯ ಬದುಕುವುದಿಲ್ಲ. ಹೊರಗಿನಿಂದ ದಿನಾ ಬರತೊಡಗಿದರೆ ಗ್ರಂಥಿ ಕೆಲಸ ಬಿಟ್ಟು ಮಲಗುತ್ತದೆ. ಹೊರಗಿನದು ತಟ್ಟನೆ ನಿಂತರೆ ಅದು ಏಳಲು ತಿಂಗಳುಗಟ್ಟಲೆ ಬೇಕು. ಅಷ್ಟರೊಳಗೆ ವಾಂತಿ, ನಿಶ್ಶಕ್ತಿ, ಬಿಪಿ ಇಳಿದು ಬೀಳುವುದು. ನಿಧಾನವಾಗಿ, ಡಾಕ್ಟರ ಕೈಯಲ್ಲಿ, ಗುಳಿಗೆ ಇಳಿಸುತ್ತ ಬರಬೇಕು.

"ಇದು ನನಗ ಗೊತ್ತಿತ್ತು," ಎಂದರು. "ಅರ್ಜಿ ಬರಿಯೂ ಮುಂದ ನೆನಪಾಗಲಿಲ್ಲ."

ಯಾರು ಯಾರು ಪುಡಿ ತಿನ್ನುತ್ತಾರೆಂದು ಗೊತ್ತಿದ್ದವನು ಅಜ್ಜ ಒಬ್ಬನೇ. ಮರುದಿನ ನನ್ನ ಸ್ಕೂಟಿಯ ಹಿಂದೆ ಬಾಯಾರನ್ನು ಕೂಡಿಸಿಕೊಂಡು ಹೊರಟೆ. ಅಜ್ಜ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ದುಂಡು ಮುಖ, ಕೆಂಪು ಕೆನ್ನೆ. ಪಕ್ಕದಲ್ಲಿ ವಾಂತಿಯ ಬೋಗುಣಿ.

"ಅರ್ಜಿ ಬರದವರು ಯಾರು?" ಎಂದು ಅವನ ಮಗ ಬಾಗಿಲಲ್ಲೇ ತಡೆದ.

"ನಾನ," ಎಂದರು ಬಾಯಾರು. "ನಿಮ್ಮಪ್ಪನೂ ಪುಡಿ ತಿಂತಿದ್ದನೇನು?"

"ಎಂಟು ವರ್ಷದಿಂದ. ತಾ ತಿನ್ನದ್ದನ್ನ ಮಂದೀಗಿ ಕೊಡಾವಲ್ಲ ನಮ್ಮಪ್ಪ."

"ಗಾಡಿ ತಗಿ. ಜಲ್ದಿ."

ಲಕ್ಷ್ಮೇಶ್ವರದಲ್ಲಿ ಒಬ್ಬ ಡಾಕ್ಟರಿಗೆ ಬಾಯಾರು ಎಲ್ಲ ಬಿಡಿಸಿ ಹೇಳಿದರು. ಇಂಜೆಕ್ಷನ್ನು, ಸಲಾಯಿನ್ನು ಆದವು. ಮಧ್ಯಾಹ್ನದ ಹೊತ್ತಿಗೆ ಅಜ್ಜ ಎದ್ದು ಕುಳಿತು ಚಹಾ ಕೇಳಿದ. "ನಾ ಬರೇ ಬೇರು ಕುಟ್ಟತಿದ್ದೆ ಬಾಯಾರ," ಎಂದ. "ಒಬ್ಬಾಂವ ಬಂದು ಒಂದು ಬಿಳಿ ಪುಡಿ ಕೊಟ್ಟು, ಇದನ್ನೂ ಕೂಡಸು ಅಂದ. ಕೂಡಿಸಿದೆ. ಮಂದಿ ನಡ್ಯಾಕ ಹತ್ತಿದ್ರು. ನಡ್ಯಾಕ ಹತ್ತಿದ ಮ್ಯಾಲೆ ಬಿಡಾಕ ಬರತೈತೇನು?"

ಬಾಯಾರು ಪೆನ್ನು ತೆಗೆದರು. "ಪುಡಿ ಒಯ್ದವರ ಹೆಸರು ಹೇಳ್ರಿ, ಬರಕೋತೀನಿ," ಎಂದರು.

ಅಜ್ಜನಿಗೆ ಹೆಸರು ನೆನಪಿರಲಿಲ್ಲ. ಮೊಣಕಾಲು ನೆನಪಿದ್ದವು. ಹಿರೇಹಂದಿಗೋಳದ ಬಲ ಮೊಣಕಾಲು, ಗಿರಣಿ ಬಾಜೂಕಿನ ಮನೆ. ಶಿರಹಟ್ಟಿಯ ಎಡ ಮೊಣಕಾಲು, ಹುಣಸಿಗಿಡದ ಓಣಿ. ಮುಂಡರಗಿಯದು ಗಂಡ ಹೆಂಡಿರ ನಾಲ್ಕೂ. ಹೀಗೆ ಇಪ್ಪತ್ತೆರಡು ಮನೆ ಬರೆದುಕೊಂಡೆವು. ಲ್ಯಾಬಿನ ಡಾಕ್ಟರಿಗೆ ಫೋನು ಮಾಡಿ ರಜೆ ಕೇಳಿದೆ. "ಎಣಿಸಿ ಬರ್ರಿ," ಎಂದರು.

ಮೂರು ದಿನ ತಿರುಗಿದೆವು. ಪ್ರತಿ ಮನೆಯಲ್ಲೂ ಅದೇ ಮಾತು.

"ಆ ಪುಡಿ ತಿಂತಿದ್ರಿ ಹೌದಲ್ರಿ?"

"ಪೇಪರ್‌ನ್ಯಾಗ ಬಂದಿಂದ ಬಿಟ್ಟೀವ್ರಿ. ಅದು ಕೆಟ್ಟದ್ದಂತ."

"ಕೆಟ್ಟದ್ದು ಖರೆ. ಒಮ್ಮಿಗಿಲೆ ಬಿಡಬ್ಯಾಡ್ರಿ."

"ಕೆಟ್ಟದ್ದು ಅಂತೀರಿ, ಬಿಡಬ್ಯಾಡ್ರಿ ಅಂತೀರಿ. ಬಂದ್ ಮಾಡಿಸಿದಾಕಿ ಯಾರವಾ?"

"ನಾನ."

ಪ್ರತಿ ಮನೆಯಲ್ಲೂ "ನಾನ" ಎಂದರು. ಕೆಲವರು ಬೈದರು. ಹಿರೇಹಂದಿಗೋಳದ ಬಲ ಮೊಣಕಾಲು, ಅಂದರೆ ಒಬ್ಬ ದಪ್ಪ ಮುದುಕಿ, ಮೊದಲು ಬೈದು ಆಮೇಲೆ ರೊಟ್ಟಿ ಕೊಟ್ಟರು. ಬಾಯಾರು ಎರಡನ್ನೂ ತೆಗೆದುಕೊಂಡರು. ಎಲ್ಲರನ್ನೂ ಅಂದೇ ಹತ್ತಿರದ ಡಾಕ್ಟರ ಬಳಿ ಕಳಿಸಿ, ಹೋದರೋ ಇಲ್ಲವೋ ಎಂದು ಸಂಜೆ ಫೋನು ಮಾಡಿ ಕೇಳುತ್ತಿದ್ದರು.

ಕಣಗಿನಹಾಳಕ್ಕೆ ಹೋದದ್ದು ಮೂರನೆಯ ದಿನ. ಪಟ್ಟಿಯಲ್ಲಿ ಅದು ಎರಡೂ ಮೊಣಕಾಲು, ಬಟ್ಟೆ ಹೊಲಿಯುವವರು. ಮನೆಯ ಮುಂದೆ ಶಾಮಿಯಾನ ಹಾಕಿ ಜನ ಕುಳಿತಿದ್ದರು. ಆ ಹೊಲಿಯುವವರನ್ನು ಹಿಂದಿನ ದಿನ ಮಣ್ಣು ಮಾಡಿ ಬಂದಿದ್ದರು. ಮೂರು ದಿನ ವಾಂತಿ ಆಯಿತು, ಬಿಸಿಲು ಹೊಡೆಯಿತು ಎಂದುಕೊಂಡರು, ನಾಲ್ಕನೆಯ ದಿನ ಬೆಳಿಗ್ಗೆ ಏಳಲಿಲ್ಲ. ಬಾಯಾರು ಚಪ್ಪಲಿ ಬಿಟ್ಟು ಹೆಂಗಸರ ಸಾಲಿನಲ್ಲಿ ಹೋಗಿ ಕುಳಿತರು. ಮನೆಯಾಕೆ ಒಳಗಿನ ಬಾಗಿಲಿಗೆ ಒರಗಿದ್ದರು. ಬಾಯಾರು ಅವರನ್ನೇ ನೋಡುತ್ತ ಅರ್ಧ ತಾಸು ಕುಳಿತು ಎದ್ದು ಬಂದರು. ಅಲ್ಲಿ ಮಾತ್ರ "ನಾನ" ಎನ್ನಲಿಲ್ಲ, ಯಾರೂ ಕೇಳಿರಲಿಲ್ಲ.

ಗದಗಿನಲ್ಲಿ ಸ್ಕೂಟಿಯಿಂದ ಇಳಿದು ಹಿಂದೆ ನಿಂತು ಬಾಯಾರು, "ನಿನ್ನ ಬ್ರೇಕ್ ಲೈಟ್ ಹತ್ತಂಗಿಲ್ಲ. ಮಾಡಿಸು," ಎಂದರು.

ಆ ಮೇಲೆ ಬಹಳ ದಿನ ಅವರು ನೂರರ ಬದಲು ಇನ್ನೂರು ಕಣ ಎಣಿಸುತ್ತಿದ್ದರು. ಕೆಲಸ ತಡವಾಗುತ್ತಿತ್ತು.

ಅವರ ಅತ್ತೆಗೆ ಏನೂ ಆಗಲಿಲ್ಲ. ಆ ಮುದುಕಿ ಸೊಸೆಯ ಮೇಲೆ ನಂಬಿಕೆಯಿಲ್ಲದೆ ನಾಲ್ಕು ಪೊಟ್ಟಣ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟು ಗುಟ್ಟಾಗಿ ತಿನ್ನುತ್ತಿದ್ದರು. ಆಮೇಲೆ ಡಾಕ್ಟರ ಗುಳಿಗೆ ಶುರುವಾಯಿತು, ವರ್ಷದವರೆಗೆ ಚೂರುಚೂರೇ ಇಳಿಸಿದರು. ಮುಖ ಮೊದಲಿನಂತೆ ಬತ್ತಿತು. ನೋವು ಮರಳಿತು. ಒಂದು ದಿನ ಬಾಯಾರು ಅತ್ತೆಯ ಗಾಜು ನೋಡುತ್ತಿದ್ದವರು ನನ್ನನ್ನು ಕರೆದರು. ಕಿತ್ತಳೆ ಕಾಳಿನ ಕಣ ಒಂದೇ ಒಂದು. ಮರುದಿನ ನಾನು, ಅತ್ತೆ ಏನೆಂದರು ಎಂದು ಕೇಳಿದೆ.

"ರಕ್ತ ಸುಧಾರಿಸೈತಿ ಅಂತ ಹೇಳಿದೆ. ಕಾಲು? ಅಂದ್ರು. ಕಾಲು ಇಲ್ರಿ ಅಂದೆ. ಹಂಗಾರ ಆ ರಕ್ತ ನೀನ ಇಟ್ಟಕೋ ಅಂದ್ರು."

ಮುದುಕಿ ಇನ್ನೂ ಮೂರು ವರ್ಷ ಬದುಕಿದರು. ಬಾಯಾರು ದಿನಾ ಬೆಳಿಗ್ಗೆ ಅವರ ಕಂಕುಳಲ್ಲಿ ಕೈಹಾಕಿ ಎಬ್ಬಿಸಿ ಬಚ್ಚಲಿಗೆ ಒಯ್ಯುತ್ತಿದ್ದರು, ಮುದುಕಿ ದಿನಾ ಬೆಳಿಗ್ಗೆ ಗಿರಣಿಯ ಮಾತು ತೆಗೆಯುತ್ತಿದ್ದರು.

ಅಸುಂಡಿಯಲ್ಲಿ ಮಣ್ಣಿಗೆ ಬಂದವರು ಬಾಯಾರ ಬಗ್ಗೆ ಬಹಳ ಹೇಳಿದರು. ಕೈ ಹಗುರ ಎಂದರು, ಕಟ್ಟುನಿಟ್ಟು ಎಂದರು. ಇಪ್ಪತ್ತೊಂದು ಮನೆಯ ಮಂದಿಯನ್ನು ಉಳಿಸಿದರು ಎಂದೂ ಒಬ್ಬರು ಹೇಳಿದರು. ಬದುಕಿದ್ದಾಗ ಆ ಲೆಕ್ಕ ಯಾರಾದರೂ ಹೇಳಿದರೆ ಬಾಯಾರು ಎದ್ದು ಒಳಗೆ ಹೋಗುತ್ತಿದ್ದರು. ನನಗೆ ಗೊತ್ತಿದ್ದದ್ದು ಬೇರೆ, ಅದನ್ನು ಅಷ್ಟು ಜನರ ಮುಂದೆ ಹೇಳಲು ಬರುತ್ತಿರಲಿಲ್ಲ.

ಕಣಗಿನಹಾಳದಿಂದ ಬಂದ ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಮನೆಯಾಕೆ ಲ್ಯಾಬಿಗೆ ಬಂದರು. ಸಕ್ಕರೆ ಕಾಯಿಲೆಯ ತಪಾಸಣೆ. ಖಾಲಿ ಹೊಟ್ಟೆಯಲ್ಲಿ ಒಂದು ಸಲ, ತಿಂದು ಎರಡು ತಾಸಿನ ಮೇಲೆ ಒಂದು ಸಲ ರಕ್ತ ತೆಗೆಯಬೇಕು. ಚೀಟಿಯ ಮೇಲೆ ಊರ ಹೆಸರು ಓದಿ ಬಾಯಾರು ತಲೆಯೆತ್ತಿದರು. ಅವರಿಗೆ ಮುಖ ನೆನಪಿತ್ತು, ಆಕೆಗೆ ಇರಲಿಲ್ಲ.

ಬಾಯಾರು ಸೂಜಿ ತಟ್ಟೆಯಲ್ಲಿಟ್ಟು ಎದುರಿನ ಸ್ಟೂಲಿನ ಮೇಲೆ ಕುಳಿತರು. "ಪುಡಿ ಬಂದ್ ಮಾಡ್ರಿ ಅಂತ ಅರ್ಜಿ ಬರದಾಕಿ ನಾನ," ಎಂದರು. "ತಟ್ನ ಬಂದಾದದ್ದಕ್ಕ ನಿಮ್ಮ ಮನಿಯವರು ಹೋದ್ರು. ಹಂಗ ಆಗತೈತಿ ಅಂತ ನನಗ ಮೊದಲ ಗೊತ್ತಿರಬೇಕಾಗಿತ್ತು. ಗೊತ್ತಿತ್ತು. ವಿಚಾರ ಮಾಡಲಿಲ್ಲ."

ನಾನು ಬಾಗಿಲು ಮುಂದೆ ಮಾಡಿ ಅಲ್ಲೇ ನಿಂತೆ.

"ಯಾರ ಮ್ಯಾಲೆ ಸಿಟ್ಟ ಮಾಡ್ಕೋಬೇಕು ಅಂತ ಎಂಟು ತಿಂಗಳಿಂದ ಹುಡಕಾಕ ಹತ್ತೀನ್ರಿ," ಎಂದರು ಆಕೆ. "ಪುಡಿ ಕೊಟ್ಟಾಂವನ ಮ್ಯಾಲೆ ಮಾಡ್ಕೋಬೇಕಂದ್ರ, ಆ ಪುಡಿಯಿಂದ ಮೂರು ವರ್ಷ ಮಶೀನ್ ತುಳದ್ರು. ಅದಕ್ಕೂ ಮೊದಲ ಸಾಯತೀನಿ ಸಾಯತೀನಿ ಅಂತಿದ್ರು."

"ನನ್ನ ಮ್ಯಾಲೆ ಮಾಡ್ಕೋರಿ."

ಆಕೆ ತೋಳು ಮುಂದೆ ಚಾಚಿದರು. "ಮೊದಲ ರಕ್ತ ತಗೀರಿ. ಉಪಾಸ ಬಂದೀನಿ."

ಬಾಯಾರ ಕೈ ಅವತ್ತು ನರ ತಪ್ಪಿತು. ಮತ್ತೆ ಚುಚ್ಚಿದರು, ಮತ್ತೆ ತಪ್ಪಿತು. ಆಕೆ ತೋಳು ಹಿಂದೆಳೆಯದೆ ಗೋಡೆ ನೋಡುತ್ತಿದ್ದರು. ಮೂರನೆಯ ಸಲಕ್ಕೆ ಬಂತು. ಶೀಸೆ ನನ್ನ ಕೈಗೆ ಕೊಟ್ಟು ಬಾಯಾರು ಕೋಟು ಕಳಚಿ ಮೊಳೆಗೆ ಹಾಕಿದರು. ಕೆಲಸದ ವೇಳೆಯಲ್ಲಿ ಅವರು ಕೋಟು ಬಿಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಬ್ಬರೂ ಎದುರಿನ ಖಾನಾವಳಿಗೆ ಹೋದರು. ಅಲ್ಲಿ ಎರಡು ತಾಸು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಸಂಜೆ ಕೇಳಿದ್ದಕ್ಕೆ ಬಾಯಾರು, "ಇಡ್ಲಿ ತಿಂದ್ವಿ," ಎಂದರು.

ಇಬ್ಬರೂ ಕೂಡಿಯೇ ಮರಳಿ ಬಂದರು. ಬಾಯಾರಿಗೆ ಮತ್ತೆ ಕಷ್ಟ ಬೇಡವೆಂದು ನಾನು ಸೂಜಿ ಹಿಡಿದು ಸಿದ್ಧವಾಗಿದ್ದೆ. ಆಕೆ ನನ್ನ ದಾಟಿ ಹೋಗಿ ಬಾಯಾರ ಮುಂದೆ ಕುಳಿತು, ಇನ್ನೊಂದು ತೋಳಿನ ಕುಪ್ಪಸ ಮೇಲೆ ಸರಿಸಿದರು.

"ಇದರಾಗ ತಗೀರಿ ಬಾಯಾರ," ಎಂದರು. "ಆ ತೋಳು ನೀವು ಚುಚ್ಚಿದ್ದು ಇನ್ನ ನೋಯಾಕ ಹತ್ತೈತಿ."